ಏಳ್ನೂರ ಇಪ್ಪತ್ತು ಸರದಿ

ಸೊನ್ನೆ ಬಂತು.

ನನ್ನ ಫೋನಿನ ಮೂಲೆ ಒಡೆದಿದೆ, ಆದರೂ ಸೊನ್ನೆ ಚೆನ್ನಾಗಿಯೇ ಕಾಣುತ್ತದೆ. ಪ್ರೋಗ್ರಾಂ ಮತ್ತೆ ಓಡಿಸಿದೆ. ಮತ್ತೆ ಸೊನ್ನೆ. ಮೂರನೇ ಸಲ ಬಟನ್ ಒತ್ತುವಾಗ ನನಗೇ ನಾಚಿಕೆಯಾಯಿತು. ದಮ್ಮಯ್ಯ ಅಂದರೆ ಲೆಕ್ಕ ಮನಸ್ಸು ಬದಲಾಯಿಸುತ್ತದೆಯೇ?

ವಿಷಯ ಇಷ್ಟು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಹುಣಸೂರಿನ ಕಾಲೇಜಿನಲ್ಲಿ ನನ್ನ ಬಿಸಿಎ ಪ್ರಾಕ್ಟಿಕಲ್ ಪರೀಕ್ಷೆ. ಹೋದ ವರ್ಷ ಇದೇ ಪರೀಕ್ಷೆಯ ಹೊತ್ತಿಗೆ ನಾನು ನಮ್ಮ ಬೀದಿಯ ಕುಳ್ಳಯ್ಯನವರ ಚಪ್ಪರದಡಿ ಕೂತು ಹೊಗೆಸೊಪ್ಪು ಕಟ್ಟುತ್ತಿದ್ದೆ. ಆಗ ಅಮ್ಮನಿಗೆ ಜ್ವರ. ಈ ವರ್ಷ ಅಮ್ಮನ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್. ಈ ಸಲವೂ ಪರೀಕ್ಷೆ ತಪ್ಪಿದರೆ ಓದು ಮುಗಿದ ಹಾಗೇ. ಅಪ್ಪ ಬಾಯಿಬಿಟ್ಟು ಹೇಳಿದ್ದಾರೆ: "ಎಲ್ಡು ಸಲ ನೋಡ್ತೀನಿ ಕಣವ್ವ. ಆಮೇಕೆ ಕಾಲೇಜು ಗೀಲೇಜು ಇಲ್ಲ." ಮೊದಲ ಸಲ ತಪ್ಪಿಸಿದ್ದು ಯಾರು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಗಾವಡಗೆರೆ ಪಕ್ಕದ ನಮ್ಮೂರಿನಲ್ಲಿ ಆಗಸ್ಟ್ ಬಂತೆಂದರೆ ಸೊಪ್ಪು ಬಿಟ್ಟು ಬೇರೆ ಮಾತಿಲ್ಲ. ಮುರಿದ ಎಲೆಯನ್ನು ಅಂದೇ ಕಡ್ಡಿಗೆ ಕಟ್ಟಬೇಕು, ಅಂದೇ ಸೊಪ್ಪು ಬೇಯಿಸುವ ಗೂಡಾದ ಬ್ಯಾರನ್ನಿನೊಳಗೆ ಏರಿಸಿ ಬೆಂಕಿ ಹಾಕಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಅದಕ್ಕೇ ಮುಯ್ಯಾಳು. ಇವತ್ತು ನಾನು ನಿಮ್ಮ ಮನೆಗೆ ಬಂದು ಕಟ್ಟುತ್ತೇನೆ, ನಾಳೆ ನೀವು ನಮ್ಮ ಮನೆಗೆ ಬರುತ್ತೀರಿ. ಕೂಲಿ ಇಲ್ಲ, ಕೈಗೆ ಕೈ. ಕೈ ಕೊಡದ ಮನೆಗೆ ಯಾರೂ ಹೋಗುವುದಿಲ್ಲ. ನಮ್ಮ ಬೀದಿಯಲ್ಲಿ ಆರು ಮನೆ, ಸೋಮವಾರದಿಂದ ಶನಿವಾರದವರೆಗೆ ಆರು ದಿನ. ಯಾರ ಮನೆ ಯಾವತ್ತು ಎಂಬುದನ್ನು ಬೀದಿಯ ಹಿರಿಯರಾದ ಕಂಠಪ್ಪ ಭಾನುವಾರ ಸಂಜೆ ತಮ್ಮ ಜಗಲಿಯ ಮೇಲೆ ಆರು ಕಲ್ಲು ಜೋಡಿಸಿ ತೀರ್ಮಾನಿಸುತ್ತಿದ್ದರು. ಈ ಸಲ ಅವರಿಗೆ ಕಣ್ಣಿನ ಆಪರೇಷನ್ ಆಗಿದೆ. "ಓದ್ದೋಳು ನೀನು, ನೀನೇ ಮಾಡವ್ವ" ಎಂದು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಒಳಗೊಳಗೇ ನನಗೆ ಖುಷಿಯಾಗಿತ್ತು. ಪರೀಕ್ಷೆಗೆ ಖಂಡಿತ ಬರುತ್ತದೆ ಎಂದು ಕಾಲೇಜಿನ ರಾಧಾ ಮಿಸ್ ಹೇಳಿದ್ದೂ ಇಂಥದ್ದೇ ಪ್ರಶ್ನೆ: ಇಷ್ಟು ಜನ, ಇಷ್ಟು ಜಾಗ, ಇಷ್ಟು ನಿಯಮ, ಎಷ್ಟು ಬಗೆಯಲ್ಲಿ ಜೋಡಿಸಬಹುದು? ಮಿಸ್ ಹೇಳಿಕೊಟ್ಟ ದಾರಿ ಸುಲಭ, ಫೋನಿನಲ್ಲೇ ಅದನ್ನು ಪ್ರೋಗ್ರಾಂ ಮಾಡಿದೆ. ಮೊದಲ ಜಾಗಕ್ಕೆ ಒಬ್ಬರನ್ನು ಇಡು, ಮುಂದಕ್ಕೆ ಹೋಗು, ನಿಯಮ ಅಡ್ಡ ಬಂದರೆ ಇಟ್ಟವರನ್ನು ತೆಗೆದು ಹಿಂದಕ್ಕೆ ಬಾ, ಇನ್ನೊಬ್ಬರನ್ನು ಇಡು. ಸೋಮವಾರಕ್ಕೆ ಆರು ಮನೆಗಳಲ್ಲಿ ಯಾವುದಾದರೂ ಆಗಬಹುದು, ಮಂಗಳವಾರಕ್ಕೆ ಉಳಿದ ಐದರಲ್ಲಿ ಒಂದು. ಹೀಗೆ ಗುಣಿಸುತ್ತ ಹೋದರೆ ಏಳ್ನೂರ ಇಪ್ಪತ್ತು ಸರದಿ. ಅಷ್ಟರಲ್ಲಿ ನನ್ನ ಒಂದು ಗುರುವಾರಕ್ಕೆ ಜಾಗ ಸಿಗದೇ ಹೋಗುತ್ತದೆಯೇ ಎಂದು ಬೀಗಿದೆ.

ಬಿಡುವಿಗೆ ದಾರಿ ಒಂದೇ ಇತ್ತು. ಬೇಲಿ ಜಗಳವಾಗಿ ಮೂರು ವರ್ಷದಿಂದ ನಮಗೂ ಚಲುವರಾಜು ಮನೆಗೂ ಮುಯ್ಯಾಳಿಲ್ಲ. ಅವರ ಸರದಿ ಗುರುವಾರ ಬಿದ್ದರೆ ನಾನು ಪಾರು. ಆದರೆ ಚಲುವರಾಜುಗೂ ಕುಳ್ಳಯ್ಯನವರಿಗೂ ಸೇರಿ ಇರುವುದು ಒಂದೇ ಬ್ಯಾರನ್, ಸೊಪ್ಪು ಬೇಯಲು ಐದು ದಿನ ಬೇಕು. ಒಬ್ಬರದು ಸೋಮವಾರವಾದರೆ ಇನ್ನೊಬ್ಬರದು ಶನಿವಾರ. ಅಲ್ಲಿಗೆ ಏಳ್ನೂರ ಇಪ್ಪತ್ತು ಹೋಗಿ ನಲವತ್ತೆಂಟು ಉಳಿಯಿತು. ಕಂಠಪ್ಪ ಅಪ್ಪನಿಗೆ ಸೋದರಮಾವ, ಅವರಿಗಿಂತ ಮೊದಲು ನಾವು ಬೆಂಕಿ ಹಾಕುವ ಹಾಗಿಲ್ಲ. ಇಪ್ಪತ್ನಾಲ್ಕು. ಇನ್ನೊಂದು ಮನೆಯ ಸಣ್ಣಬೀರಯ್ಯ ಮಂಗಳವಾರ ಬ್ಯಾರನ್ ಹೊತ್ತಿಸುವುದಿಲ್ಲ. ಹದಿನೆಂಟು. ಕೊನೆಯಲ್ಲಿ ನನ್ನದೇ ನಿಯಮ ಸೇರಿಸಿದೆ: ಗುರುವಾರ ನಂದಿತಾ, ಅಂದರೆ ನಾನು, ಕಟ್ಟಲು ಇಲ್ಲ. ಸೊನ್ನೆ.

ಕುಳ್ಳಯ್ಯನವರ ಮನೆಗೇ ಹೋಗಿ, ಶನಿವಾರದ ಬದಲು ಗುರುವಾರವೇ ಚಲುವರಾಜುಗೆ ಬ್ಯಾರನ್ ಬಿಟ್ಟುಕೊಡುತ್ತೀರಾ ಎಂದು ಕೇಳಿದೆ. ಅವರು ಬೀಡಿ ಕೈಯಲ್ಲೇ ಹಿಡಿದು ನಕ್ಕರು.

"ನಂಗೇನು ಕೇಳ್ತೀಯ? ಓಗಿ ಸೊಪ್ಗೇ ಯೋಳು, ಮೂರು ದಿನಕ್ಕೆ ಬೆಂದ್ಕೊ ಅಂತ."

ಮನೆಗೆ ಬಂದು ಹಿತ್ತಲ ಕಲ್ಲಿನ ಮೇಲೆ ಕೂತೆ. ಅಳು ಬಂತು. ಎಲ್ಲಿಂದ ಹೊರಟರೂ ಹಿಂದಕ್ಕೆ ಬಾ, ಹಿಂದಕ್ಕೆ ಬಾ. ಹಿಂದಕ್ಕೆ ಬರುವುದನ್ನು ನಾನೇ ಬರೆದಿದ್ದೆನಲ್ಲ, ಬೈಯುವುದಾದರೂ ಯಾರನ್ನು? ಕಣ್ಣೊರೆಸಿಕೊಂಡು, ತಪ್ಪು ಎಲ್ಲಾದರೂ ಇರಲಿ ದೇವರೇ ಎಂದುಕೊಂಡು ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಓದಿದೆ.

ತಪ್ಪು ನಾಲ್ಕನೇ ಸಾಲಿನಲ್ಲೇ ಇತ್ತು. ಅಲ್ಲಿ ಪ್ರತಿ ಮನೆಯಿಂದ ಕಟ್ಟಲು ಯಾರು ಬರಬಹುದು ಎಂದು ಬರೆದಿದ್ದೆ. ಕುಳ್ಳಯ್ಯನವರ ಮನೆಗೆ ಮೂರು ಹೆಸರು. ಕಂಠಪ್ಪನವರ ಮನೆಗೆ ಎರಡು. ನಮ್ಮ ಮನೆಗೆ ಒಂದು, ನಂದಿತಾ. ನಮ್ಮ ಮನೆಯಲ್ಲಿ ನನಗಿಂತ ಮೂರು ವರ್ಷಕ್ಕೆ ದೊಡ್ಡವನಾದ ಕಿರಣ್‌ಕುಮಾರ್ ಎಂಬ ಅಣ್ಣನಿದ್ದಾನೆ. ಐಟಿಐ ಮುಗಿಸಿ ಎರಡು ವರ್ಷದಿಂದ ಬೈಕ್ ಒರೆಸುತ್ತಿದ್ದಾನೆ. ಎಲೆ ಮುರಿಯಲು, ಬ್ಯಾರನ್ ಏರಲು ಗಂಡಾಳಾಗಿ ಅಪ್ಪ ಹೋಗುತ್ತಾರೆ. ಕಟ್ಟಲು ಹೆಣ್ಣಾಳಾಗಿ ನಾನು. ಕಿರಣ ಎಲ್ಲಿಗೂ ಹೋಗುವುದಿಲ್ಲ. ಕಟ್ಟುವುದು ಅವನಿಗೆ ಬರುವುದಿಲ್ಲವೆಂದಲ್ಲ. ಚಿಕ್ಕವರಿದ್ದಾಗ ಪಂದ್ಯ ಕಟ್ಟಿದರೆ ನಾನು ಮೂರು ಕಡ್ಡಿ ಮುಗಿಸುವಷ್ಟರಲ್ಲಿ ಅವನದು ನಾಲ್ಕಾಗಿರುತ್ತಿತ್ತು. ಮೀಸೆ ಬಂದ ಮೇಲೆ ಬಿಟ್ಟ.

ಅವನ ಹೆಸರು ಸೇರಿಸಿ ಓಡಿಸಿದೆ. ಹದಿನೆಂಟು ಬಂತು.

ಅಪ್ಪ ಊಟಕ್ಕೆ ಕೂತಿದ್ದರು. ಗುರುವಾರ ಒಂದು ದಿನ ಕಿರಣನನ್ನು ಕಟ್ಟಲು ಕಳಿಸಿ ಎಂದೆ. ಮುದ್ದೆ ಮುರಿಯುತ್ತಿದ್ದ ಅವರ ಕೈ ನಿಂತಿತು.

"ಎಂಗಸ್ರ ಸಾಲ್ನಾಗೆ ಕೂತ್ಕಂಡು ಅವ್ನು ಸೊಪ್ಪು ಕಟ್ಟಾದಾ? ಬರೋ ವಾರ ಕೆ.ಆರ್. ನಗರದಿಂದ ಎಣ್ಣಿನ ಕಡೆಯೋರು ಬತ್ತಾವ್ರೆ. ಅವ್ರ ಕಿವಿಗೆ ಬಿದ್ರೆ ಏನಂದಾರು?"

"ನನ್ನ ಪರೀಕ್ಷೆ ಅಪ್ಪ."

"ಅವ್ನು ಕಟ್ಟೋ ಆಳಲ್ಲ ಕಣವ್ವ. ಸುಮ್ಕಿರು."

ಅಮ್ಮ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಆ ಕ್ಷಣ ಅಪ್ಪನಿಗಿಂತ ಅವಳ ಮೇಲೆಯೇ ಹೆಚ್ಚು ಸಿಟ್ಟು ಬಂತು. ಅದು ನ್ಯಾಯವಲ್ಲವೆಂದು ಗೊತ್ತು, ಆದರೂ ಬಂತು.

ಸಂಜೆ ಆರೂ ಮನೆಯವರು ಕಂಠಪ್ಪನವರ ಜಗಲಿಯಲ್ಲಿ ಸೇರಿದರು. ಕಂಠಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿದ್ದರು. ಕಿರಣ ಬೀದಿಯಲ್ಲಿ ಬೈಕಿನ ಮೇಲೆಯೇ ಕೂತಿದ್ದ. ನಾನು ಹಾಳೆ ಬಿಚ್ಚಿ ನಿಂತು ಓದಿದೆ.

"ಸೋಮವಾರ ಕುಳ್ಳಯ್ಯನವರ ಮನೆ. ಮಂಗಳವಾರ ಕಂಠಪ್ಪನವರದು. ಬುಧವಾರ ಸಣ್ಣಬೀರಯ್ಯನವರದು. ಗುರುವಾರ ಚಿಕ್ಕಸಿದ್ದಮ್ಮನವರದು. ಶುಕ್ರವಾರ ರಜ. ಶನಿವಾರ ಚಲುವರಾಜು ಅವರದು."

ಯಾರಿಗೂ ತಕ್ಷಣ ಹೊಳೆಯಲಿಲ್ಲ. ಅಪ್ಪ ಬೆರಳು ಮಡಚಿ ಎಣಿಸಿದರು.

"ನಮ್ಮನೆ ಎಲ್ಲವ್ವ?"

"ನಮ್ಮನೆ ಇಲ್ಲ ಅಪ್ಪ."

"ಇಲ್ಲ ಅಂದ್ರೆ?"

ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಅಮ್ಮನ ಕೈ ಮುರ್ದದೆ. ಗುರ್ವಾರ ನಂಗೆ ಪರೀಕ್ಷೆ, ನಾನು ಓಗ್ತೀನಿ. ಕಿರಣ ಕಟ್ಟೋ ಆಳಲ್ಲ ಅಂತ ನೀವೇ ಅಂದ್ರಿ. ನಮ್ಮನೇಲಿ ಕೊಡೋಕೆ ಕೈ ಇಲ್ಲ. ಅದ್ಕೇ ಪಟ್ಟೀಲಿ ನಮ್ಮನೆ ಇಲ್ಲ."

ಅಪ್ಪನ ಮುಖ ಕೆಂಪಗಾಯಿತು. ಮೂರು ಎಕರೆ ಸೊಪ್ಪು ಹಣ್ಣಾಗಿ ನಿಂತಿದೆ, ಬೀದಿಯ ಎದುರು ಮಗಳು ಹೀಗೆ ಓದುತ್ತಿದ್ದಾಳೆ. ಹೊಡೆಯುತ್ತಾರೆ ಎಂದೇ ಅಂದುಕೊಂಡೆ. ಚಲುವರಾಜು ಮೀಸೆಯಡಿಯಲ್ಲಿ ನಗುತ್ತಿದ್ದುದು ಕಾಣಿಸಿತು. ಎಲ್ಲರ ಕಣ್ಣೂ ಮೆಲ್ಲಗೆ ಬೈಕಿನ ಕಡೆ ತಿರುಗಿದವು.

ಗುರುವಾರದ ಮನೆಯ ಚಿಕ್ಕಸಿದ್ದಮ್ಮ ಎಲೆಯಡಿಕೆ ಉಗಿದು ಅಪ್ಪನ ಎದುರಿಗೆ ಬಂದರು. ಗಂಡ ಸತ್ತ ಮೇಲೆ ಒಬ್ಬರೇ ಬೇಸಾಯ ಮಾಡುವವರು, ಅವರಿಗೆ ಯಾರ ಮುಲಾಜೂ ಇಲ್ಲ. "ಮಾದೇವಯ್ಯ, ನಿನ್ ಮಗುಂಗೆ ಅತ್ತು ಬೆಳ್ಳು ಅವೆ ತಾನೆ? ನಮ್ಮನೆಗೆ ಕಳ್ಸು. ಸೊಪ್ಪೇನು ಸೀರೆ ಉಟ್ಟೋರೇ ಕಟ್ಲಿ ಅನ್ನಾಕಿಲ್ಲ."

ಹೆಂಗಸರು ನಕ್ಕರು. ಕಿರಣ ತಲೆ ಬಗ್ಗಿಸಿ ಬೈಕಿನ ಕನ್ನಡಿ ತಿರುಗಿಸಿದ, ಮತ್ತೆ ತಿರುಗಿಸಿದ. "ಒಂದಿನ ತಾನೆ, ಓಗ್ತೀನಿ ಬುಡಪ್ಪ" ಎಂದ.

ಅಪ್ಪ ನನ್ನ ಕಡೆ ನೋಡದೆ, "ಬರ್ಕೊ. ಗುರ್ವಾರ ಕಿರಣ" ಎಂದರು.

ಅಲ್ಲೇ ಕೂತು, ಶುಕ್ರವಾರಕ್ಕೆ ನಮ್ಮ ಮನೆ ಸೇರಿಸಿ ಹೊಸ ಹಾಳೆ ಬರೆದೆ. ದಿನ, ಯಾರ ಮನೆ, ನಮ್ಮ ಮನೆಯಿಂದ ಯಾರ ಕೈ. ಗುರುವಾರದ ಎದುರು ಕಿರಣ್‌ಕುಮಾರ್ ಎಂದು ದೊಡ್ಡದಾಗಿ ಬರೆದೆ. ಗೆದ್ದೆ ಅನ್ನಿಸಿತು. ಎದ್ದು ಕುಣಿಯಬೇಕು ಅನ್ನಿಸಿತು. ಗುರುವಾರ ಏಳೂವರೆ ಬಸ್ಸಿಗೆ ಯಾವ ಚೂಡಿದಾರ್ ಹಾಕಿಕೊಳ್ಳಬೇಕೆಂದೂ ಯೋಚಿಸಿದೆ.

"ಒಂದ್ಸಲ ಓದವ್ವ, ನಂಗೆ ಕಣ್ ಕಾಣಾಕಿಲ್ಲ" ಎಂದರು ಕಂಠಪ್ಪ.

ಓದಲು ಬಾಯಿ ತೆರೆದೆ. ಸೋಮವಾರ ನಂದಿತಾ. ಮಂಗಳವಾರ ನಂದಿತಾ. ಬುಧವಾರ ನಂದಿತಾ. ಗುರುವಾರ ಕಿರಣ್‌ಕುಮಾರ್. ಶುಕ್ರವಾರ ನಂದಿತಾ. ಶನಿವಾರ ಚಲುವರಾಜು ಮನೆ, ಅಲ್ಲಿಗೆ ನಮ್ಮ ಕೈ ಇಲ್ಲ. ಅಪ್ಪ ಹೇಳಿದ್ದು ಗುರುವಾರದ್ದೊಂದೇ. ಉಳಿದ ನಾಲ್ಕು ದಿನ ಯಾರೆಂದು ಜಗಲಿಯ ಮೇಲೆ ಒಬ್ಬರೂ ಕೇಳಿರಲಿಲ್ಲ, ಒಬ್ಬರೂ ಹೇಳಿರಲಿಲ್ಲ. ಅಲ್ಲೆಲ್ಲ ನನ್ನ ಹೆಸರು ಬರೆದದ್ದು ನಾನೇ, ಒಂದು ಗಳಿಗೆಯೂ ಯೋಚಿಸದೆ.