ಬಂದೆ ಅಂದಿದ್ದಕ್ಕೆ

ನಾಯಿ ನೋಡಿಕೊಳ್ಳುವುದಕ್ಕೂ ಟ್ರೇನಿಂಗ್ ಆದವರು ಸಿಗುತ್ತಾರೆ ಎಂದು ಗೊತ್ತಾದಾಗ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ನನ್ನ ಹೆಂಡತಿ ಸುಧಾಮಣಿ ನಗಲಿಲ್ಲ. ದಾವಣಗೆರೆಯಲ್ಲಿ ಅವಳ ತಂಗಿಯ ಮಗಳ ಮದುವೆ. ಕಲ್ಯಾಣಮಂಟಪಕ್ಕೆ ನಮ್ಮ ನಾಯಿ ಶುಂಠಿಯನ್ನು ಕರೆದೊಯ್ಯುವಂತಿರಲಿಲ್ಲ. ಅವನಿಗೆ ವಯಸ್ಸಾಗಿತ್ತು, ಎರಡು ಕಣ್ಣಿಗೂ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಮಕ್ಕಳಿಲ್ಲದ ಇವರಿಗೆ ನಾಯಿಯೇ ಮಗ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ನಿಜವೇ ತಾನೆ.

ಹಾಗಾಗಿ ಬೆಂಗಳೂರಿನ ಸುಬ್ರಹ್ಮಣ್ಯಪುರದ ನಮ್ಮ ಮನೆಗೆ ಪೆಟ್ ಸಿಟ್ಟರ್ ಲಿಖಿತಾ ಬಂದಳು. ನಾವು ವಾಪಸಾಗುವವರೆಗೆ ಅಲ್ಲೇ ಉಳಿದು ಅವನ ಊಟ, ಔಷಧಿ, ವಾಕಿಂಗ್ ಎಲ್ಲ ನೋಡಿಕೊಳ್ಳುವುದು ಅವಳ ಕೆಲಸ. ಒಳ್ಳೆಯ ಹುಡುಗಿ. ಅವನಿಗಿಂತ ನಮ್ಮನ್ನು ಸಮಾಧಾನ ಮಾಡುವುದೇ ಅವಳಿಗೆ ಹೆಚ್ಚಾಯಿತು. ಸುಧಾಮಣಿ ಕೇಳಿದಾಗಲೆಲ್ಲ ವಿಡಿಯೊ ಕಳಿಸಬೇಕಿತ್ತು.

ಮುಹೂರ್ತದ ದಿನ ಬೆಳಿಗ್ಗೆ ಲಿಖಿತಾಳ ಫೋನು ಬಂತು. "ಆಂಟಿ, ನಿನ್ನೆಯಿಂದ ಏನೂ ತಿಂತಿಲ್ಲ. ಸ್ಪೀಕರ್ ಹಾಕ್ತೀನಿ, ಒಂದ್ಸಲ ಮಾತಾಡ್ಸಿ. ನಿಮ್ ವಾಯ್ಸ್ ಕೇಳಿದ್ರೆ ತಿನ್ಬೋದು."

ವಾಲಗದ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ಸುಧಾಮಣಿ ಕೂಗಿದಳು. "ಶುಂಠೀ, ಬಂದೆ ಕಣೋ! ಬಂದೇ ಬಿಟ್ಟೆ!"

ನಾವು ಈ ಮಾತನ್ನು ಎಷ್ಟು ಸಲೀಸಾಗಿ ಆಡುತ್ತೇವೆ. ಬಚ್ಚಲಲ್ಲಿ ಸೋಪು ಹಚ್ಚಿಕೊಂಡು ನಿಂತವರೂ "ಬಂದೆ" ಎನ್ನುತ್ತೇವೆ, ಉತ್ತರಹಳ್ಳಿ ಸಿಗ್ನಲ್ ದಾಟದೆ ಸಿಕ್ಕಿಕೊಂಡವರೂ "ಬಂದೆ ಗುರು" ಎನ್ನುತ್ತೇವೆ. ಬಂದಿಲ್ಲ, ಸ್ವಲ್ಪ ತಡಿ ಎಂದು ಅದರ ಅರ್ಥ. ಮನುಷ್ಯರಿಗೆ ಅದು ಗೊತ್ತು. ಆದರೆ ಶುಂಠಿಗೆ ಸುಧಾಮಣಿ ಆ ಮಾತು ಹೇಳುತ್ತಿದ್ದದ್ದು ಗೇಟಿನ ಚಿಲಕಕ್ಕೆ ಕೈ ಹಾಕಿದಾಗ ಮಾತ್ರ. ಅವನ ಪಾಲಿಗೆ ಬಂದೆ ಅಂದರೆ ಬಂದಳು, ಅಷ್ಟೇ.

"ಎದ್ದ ಆಂಟಿ! ಬಾಲ ಅಲ್ಲಾಡಿಸ್ತಿದಾನೆ! ಇನ್ನೊಂದ್ಸಲ ಹೇಳಿ!"

ಸುಧಾಮಣಿ ಮತ್ತೆ ಹೇಳಿದಳು. ಸುತ್ತ ಇದ್ದ ನಾವೆಲ್ಲ ನಕ್ಕೆವು. ಅವನು ಎದ್ದ ಖುಷಿಗೆ ಲಿಖಿತಾ ಅನ್ನ ಕಲಸಿ ತರಲು ಅಡುಗೆಮನೆಗೆ ಓಡಿದಳಂತೆ. ನೀರಿನ ಕ್ಯಾನ್ ಹಾಕುವವನು ಗೇಟು ತೆರೆದಿಟ್ಟು ಜಗಲಿಯ ಮೇಲೆ ಕ್ಯಾನ್ ಇಳಿಸುತ್ತಿದ್ದ. ನಮಗೆ ಫೋನಿನಲ್ಲಿ ಕೇಳಿಸಿದ್ದು ಅವಳ ಕೂಗು ಮಾತ್ರ. "ಶುಂಠೀ! ಅಯ್ಯೋ, ಶುಂಠೀ!"

ಊಟಕ್ಕೂ ನಿಲ್ಲದೆ ಹೊರಟು ಬಂದೆವು. ಬೀದಿ ಬೀದಿ ಅಲೆದೆವು, ಕೆರೆ ಏರಿ ಸುತ್ತಿದೆವು, ಕಂಬಗಳಿಗೆ ಫೋಟೊ ಅಂಟಿಸಿದೆವು. ಲಿಖಿತಾ ಬೇರೆ ಮನೆಗಳ ಕೆಲಸ ಬಿಟ್ಟು ದಿನಾ ಬಂದು ನಮ್ಮ ಜೊತೆ ಹುಡುಕಿದಳು. ಸುಧಾಮಣಿ ಅವಳ ಮುಖ ನೋಡಲಿಲ್ಲ. "ಗೇಟ್ ನೋಡ್ಕೊಳಕ್ಕಾಗ್ದೋಳು ನಾಯಿ ನೋಡ್ಕೋತಾಳಂತೆ" ಎಂದು ಬೀದಿಗೆಲ್ಲ ಕೇಳುವಂತೆ ಬೈದಳು. ಹುಡುಗಿ ತಲೆ ತಗ್ಗಿಸಿ ನಿಂತಳು. ಅವನು ಯಾಕೆ ಎದ್ದು ಹೋದ ಎಂದು ಅವಳೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅದು ಗೊತ್ತಾದರೆ ಸುಧಾಮಣಿ ಉಳಿಯುವುದಿಲ್ಲ ಎಂದು ನನಗೆ ಭಯವಿತ್ತು.

ಮಳೆ ಹಿಡಿದುಕೊಂಡಿತು. ಕಂಬದ ಮೇಲಿನ ಫೋಟೊಗಳು ನೆನೆದು ಹರಿದವು. ಶುಂಠಿ ಇನ್ನು ಸಿಗುವುದಿಲ್ಲ ಎಂದು ನನ್ನ ಮನಸ್ಸು ಒಪ್ಪಿಕೊಂಡುಬಿಟ್ಟಿತ್ತು. ಒಂದು ಸಂಜೆ ಸುಧಾಮಣಿ ಮತ್ತೆ ಹೊರಡಲು ಕೊಡೆ ಹುಡುಕುತ್ತಿದ್ದಾಗ ತಡೆಯಲಾರದೆ ಹೇಳಿದೆ. "ಸಾಕು ಕಣೇ. ಇನ್ನು ಹುಡುಕೋದು ಬಿಡೋಣ."

ಸುಧಾಮಣಿ ಬಾಗಿಲಲ್ಲೇ ಕುಳಿತಳು.

"ಗೇಟಿಂದಲ್ಲ ಕಣ್ರೀ, ನನ್ ಮಾತಿಂದ ಹೋದ. ಅವತ್ತೇ ಗೊತ್ತಾಯ್ತು ನಂಗೆ" ಎಂದಳು. "ನಾವು ಬಿಟ್ಬಿಡ್ಬೋದು. ಅವ್ನು ಬಿಡಲ್ಲ. ಕಣ್ ಕಾಣ್ದೆ ಎಲ್ಲೋ ಇನ್ನೂ ನನ್ನ ಹುಡುಕ್ತಿರ್ತಾನೆ."