ಮೂರನೆಯ ಹೆಸರು

ಮೂರನೆಯ ರೊಟ್ಟಿಯನ್ನು ಹಂಚಿಗೆ ಹಾಕಿ, ಅದರ ಮೈಗೆ ನೀರು ಸವರುತ್ತಿದ್ದಾಗ ಹೊರಗಿನ ಉಳಿಯ ಸದ್ದು ನಿಂತದ್ದು ತಾಯವ್ವನಿಗೆ ತಿಳಿಯಿತು. ಹನ್ನೆರಡು ದಿನದಿಂದ ಆ ಟಕಟಕ ಅವಳ ಒಲೆಯ ತನಕ ಬರುತ್ತಿತ್ತು. ಮನೆಯೆದುರಿನ ಬೇವಿನ ಕಟ್ಟೆಯ ಮೇಲೆ, ಯುದ್ಧಕ್ಕೆ ಹೋಗಿ ತೀರಿಕೊಂಡ ಊರವರ ನೆನಪಿನ ಕಲ್ಲು ಏಳುತ್ತಿತ್ತು.

"ಎಷ್ಟ್ ಬಡದಿ?" ಕಂಬಕ್ಕೊರಗಿದ್ದ ಅತ್ತೆ ರೇವವ್ವ ಕೇಳಿದಳು. ಕಣ್ಣು ಹೋಗಿ ಆರು ವರ್ಷ. ಮುದುಕಿ ಈಗ ಸದ್ದಿನಲ್ಲೇ ಎಲ್ಲ ನೋಡುತ್ತಿದ್ದಳು.

"ಮೂರ್ ಆದೂವ್ರಿ."

"ಅವಂದೊಂದ್ ಮರೀಬ್ಯಾಡ."

"ಮರತೀನೇನ್ರಿ?"

ಅವನ ಪಾಲಿನ ರೊಟ್ಟಿ ಹದಿನೈದು ವರ್ಷದಿಂದ ದಿನಾ ಬುಟ್ಟಿಗೆ ಬೀಳುತ್ತಿತ್ತು. ಮರುದಿನ ಎಮ್ಮೆಯ ಬಾಯಿಗೆ ಹೋಗುತ್ತಿತ್ತು. ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಬಂದ ಕಾಗದದಲ್ಲಿ ಅವಳ ಗಂಡ ನಾಪತ್ತೆ ಎಂದಿತ್ತು. ಸತ್ತ ಎಂದಿರಲಿಲ್ಲ. ಅಷ್ಟೇ ಸಾಕಾಗಿ ರೇವವ್ವ ಸೊಸೆಯ ಬಳೆ ಮುಟ್ಟಲು ಯಾರನ್ನೂ ಬಿಡಲಿಲ್ಲ. ಊರೂ ಒಪ್ಪಿತು. ಬಸುರಿಯರ ಕುಬಸಕ್ಕೆ, ಮದುವೆಯ ಅರಿಷಿಣಕ್ಕೆ ತಾಯವ್ವನನ್ನು ಕರೆಯುತ್ತಿದ್ದರು. ಕರೆದವರೇ ಅವಳ ಬೆನ್ನ ಹಿಂದೆ ನಿಟ್ಟುಸಿರು ಬಿಡುತ್ತಿದ್ದರು.

ಅವಳು ಕಲ್ಲು ಕೆತ್ತುವವನ ಬುತ್ತಿ ಹಿಡಿದು ಹೊರಬಂದಳು. ಈ ಕಲ್ಲಿನ ರೂಪಕ್ಕಾಗಿ ಪಂಚಾಯ್ತಿಯಲ್ಲಿ ಒಂದು ತಿಂಗಳು ಜಗಳವಾಗಿತ್ತು. ಚೇರಮನ್ ಕುಬೇರಪ್ಪನಿಗೆ ಪಟ್ಟಣದಲ್ಲಿ ಕಂಡಂಥ ತಲೆಕೆಳಗಾದ ಬಂದೂಕು, ಮೇಲೊಂದು ಟೊಪ್ಪಿಗೆ ಬೇಕಿತ್ತು. ಹಿರಿಯರು ಕೇಳಲಿಲ್ಲ. ದನ ಕಾಯ್ದು ಸತ್ತವನ ವೀರಗಲ್ಲು ಹನುಮಪ್ಪನ ಗುಡಿಯ ಹಿಂದೆ ಇದೆ, ಇದೂ ಹಾಗೇ ಇರಲಿ ಎಂದರು. ಅದರಂತೆ ಕೆಳಗೆ ಬಂದೂಕು ಹಿಡಿದ ಸಿಪಾಯಿ. ನಡುವೆ, ಸತ್ತವನನ್ನು ರಟ್ಟೆ ಹಿಡಿದು ಎತ್ತಿಕೊಂಡು ಹೋಗುವ ಇಬ್ಬರು ದೇವಲೋಕದ ಹೆಂಗಸರು. ಮೇಲೆ ಲಿಂಗ, ಸೂರ್ಯ, ಚಂದ್ರ. ಬುಡದಲ್ಲಿ ಹೆಸರು. ಬ್ರಿಟಿಷರ ಕಾಲದಲ್ಲಿ ಬರ್ಮಾಕ್ಕೆ ಹೋಗಿ ಅಲ್ಲೇ ಉಳಿದ ಮಲಕಪ್ಪ, ಯಲ್ಲಪ್ಪ. ಅವರ ಕೆಳಗೆ, ಮೂರನೆಯ ಹೆಸರಿಗೆಂದು ಎಳೆದ ಸುಣ್ಣದ ಎರಡು ಗೆರೆ ಮಾತ್ರ.

"ಯಾಕ್ ನಿಂತೀರಿ ಕಾಕಾ?"

ನವಲಗುಂದದ ಇಮಾಮುದ್ದೀನ ಗೋರಿಕಲ್ಲು ಕೆತ್ತುತ್ತಲೇ ಮುದುಕನಾದವನು. "ನಮ್ಮಪ್ಪ ಹಾಕಿದ್ ರಿವಾಜ ಐತಿ ಯವ್ವಾ. ಮನಿಯವ್ರು ಬಾಯಿ ಬಿಟ್ಟು ಹೆಸರ ಹೇಳಬೇಕು. ಚೀಟಿ ನೋಡಿ ಕೆತ್ತಿದ್ರ, ಬದುಕಿದಾಂವನ್ನ ಹುಗದಂಗ. ಇವರಿಬ್ಬರದೂ ಮೊಮ್ಮಕ್ಕಳು ಹೇಳ್ಯಾರ."

"ಗಂಡನ ಹೆಸರ ನಾ ಹೆಂಗ್ ಹೇಳ್ಲಿ?"

"ಅದಕ್ಕ ಕೈಕಟ್ಟಿ ಕೂತೀನಿ."

ಮಗ ಬದುಕಿದ್ದಾನೆಂದೇ ನಂಬಿದ ಅತ್ತೆಯನ್ನು ಕೇಳುವಂತೆಯೇ ಇರಲಿಲ್ಲ. ಅಷ್ಟರಲ್ಲಿ ಕುಬೇರಪ್ಪ ಧೋತರ ಎತ್ತಿ ಹಿಡಿದು, ಕೆಸರು ತಪ್ಪಿಸುತ್ತ ಬಂದ.

"ತಾಯವ್ವಾ, ನಾಡದ ಝೇಂಡಾ ಏರಿಸಿದ ಮ್ಯಾಲ ಕಲ್ಲಿಗೆ ಆರತಿ ಐತಿ. ಐದು ಮಂದಿ ಮುತ್ತೈದೇರು. ನೀನ ಮೊದಲ."

ಅವಳು ಸುಣ್ಣದ ಗೆರೆ ನೋಡಿದಳು. "ಚೇರಮನ್ರ, ಹೆಸರ ಕೆತ್ತಿದ ಮ್ಯಾಲ ನಾ ಹೆಂಗ್ ಮುತ್ತೈದಿ ಆಗ್ತೀನ್ರಿ?"

ಕುಬೇರಪ್ಪನ ಕೈಯಿಂದ ಧೋತರ ಜಾರಿತು. "ಅರೇ! ಇದನ್ನ ಕಮಿಟ್ಯಾಗ ಒಬ್ರೂ ವಿಚಾರ ಮಾಡ್ಲಿಲ್ಲ ನೋಡ!" ತಲೆ ಕೆರೆದುಕೊಂಡ. "ಹಿಂಗ್ ಮಾಡೂಣು. ಮುಂಜಾನಿ ನೀ ಆರತಿ ಎತ್ತು. ಸಂಜಿಕ ಇಂವ ಹೆಸರ ಕೆತ್ತಲಿ."

"ನಡುವ ಮಧ್ಯಾಹ್ನ ಅಂವ ಏನ್ ಇರಬೇಕ್ರಿ ಚೇರಮನ್ರ?" ಎಂದ ಇಮಾಮುದ್ದೀನ. "ಸತ್ತಾಂವೋ, ಬದುಕಿದಾಂವೋ?"

ಕುಬೇರಪ್ಪ ನಗಲು ಹೋಗಿ, ಅವಳ ಮುಖ ಕಂಡು ಜಾರಿದ ಧೋತರವನ್ನು ಮತ್ತೆ ಎತ್ತಿಕೊಂಡ. "ನಾಳೆ ಹೇಳವ್ವಾ," ಎಂದು ನಡೆದುಬಿಟ್ಟ.

ತಾಯವ್ವ ಕಲ್ಲಿನ ನಡುವಿನ ಹೆಂಗಸರನ್ನೇ ನೋಡುತ್ತ ನಿಂತಳು. ಮೊಣಕೈತನಕ ಬಳೆ. ಅವರು ಹಿಡಿದಿದ್ದ ರಟ್ಟೆ ಮಲಕಪ್ಪನದಿರಬಹುದು, ಯಲ್ಲಪ್ಪನದಿರಬಹುದು. ಅವನದಲ್ಲ. ಹದಿನೈದು ವರ್ಷ ಅತ್ತೆ ಸೊಸೆ ಇಬ್ಬರೂ ರೊಟ್ಟಿ ಬಡಿದು ಬಡಿದು ಅವನನ್ನು ಬದುಕಿಸಿಟ್ಟಿದ್ದರು. ಅಷ್ಟು ವರ್ಷವೂ ಅವನು ಯಾವುದೋ ಗಡಿಯ ಮಣ್ಣಿನಲ್ಲಿ, ಎತ್ತುವವರಿಲ್ಲದೆ ಬಿದ್ದೇ ಇದ್ದನೇನೋ.

"ಬಳಿ ಸಪ್ಪಳ ಎಲ್ಲಿ ಹೋಗಿತ್ತ?" ಒಳಗೆ ಬಂದಾಗ ರೇವವ್ವ ಕೇಳಿದಳು.

"ಕಾಕಾಗ ಬುತ್ತಿ ಕೊಟ್ಟು ಬಂದ್ನಿರಿ."

"ಮತ್ತ್ ಅವಂದು?"

"ಈಗ ಬಡೀತೀನ್ರಿ."

ಹಿಟ್ಟು ನಾದುತ್ತ ಅವಳಿಗೆ ಮದುವೆಯ ಹೊಸ್ತಿಲು ನೆನಪಾಯಿತು. ಗಂಡನ ಹೆಸರು ಬಾಯಿಗೆ ಬಂದದ್ದು ಅದೊಂದೇ ಸಲ, ಅದೂ ಒಡಪಿನ ಮರೆಯಲ್ಲಿ: 'ಕರಿ ಎರಿ ಹೊಲದಾಗ ಬಿಳಿಜೋಳದ ತೆನಿ, ಹೊಳೆಪ್ಪನ ಬಾಗಲಾ ಇನ್ನ ನನ್ನ ಮನಿ.' ನಾದಿನಿಯರು ಬಿದ್ದು ಬಿದ್ದು ನಕ್ಕಿದ್ದರು. ಅವನೂ ನಕ್ಕಿದ್ದ. ನಗು ನೆನಪಿದೆ, ಹಲ್ಲು ಹೇಗಿದ್ದವೋ ಮರೆತಿದೆ.

ನಾಳೆ ಬುತ್ತಿ ಕೊಡುವಾಗ ಹೇಳಿಬಿಡಬೇಕು. ಒಡಪು ಬೇಡ, ಬರೀ ಹೆಸರು. ನಾಡದು ಮುಟ್ಟಾಗಿದ್ದೇನೆ ಎಂದರೆ ಆರತಿಗೆ ಯಾರೂ ಎಳೆಯುವುದಿಲ್ಲ. ಬಳೆ ಇರಲಿ. ಅವು ಇನ್ನು ಮುದುಕಿಯ ಕಿವಿಗೆ, ಅವಳಿರುವ ತನಕ. ಈ ರೊಟ್ಟಿಯೂ ಅಲ್ಲಿಯ ತನಕ.

ಅವಳು ರೊಟ್ಟಿ ಬಡಿಯತೊಡಗಿದಳು. ಆ ಸದ್ದಿನೊಳಗೆ ತುಟಿ ಅಲ್ಲಾಡಿದ್ದು ಅತ್ತೆಗೆ ಕೇಳಿಸಲಿಲ್ಲ.