ದುರ್ಗಾಳ ಕ್ಯಾಸೆಟ್ಟು

"ಬಂದ್ ಮಾಡೇ ಅದನ್ನ! ಇದೆಂತ ಜಿಮ್ನಾಸ್ಟಿಕ್ಸೋ, ಪಟಾಕಿ ಅಂಗಡಿಗೆ ಬಿದ್ದ ಬೆಂಕಿಯೋ?"

ಉಮಾಮಹೇಶ್ವರ ಸರ್ ಗುಂಡಿ ಒತ್ತಿದ ರಭಸಕ್ಕೆ ಟೇಪ್‌ರೆಕಾರ್ಡರು ಬಾಯಿ ತೆರೆದು ಕ್ಯಾಸೆಟ್ಟನ್ನು ಉಗುಳಿತು. ಕಾರವಾರದ ಶಾಲೆಯ ಸಭಾಂಗಣದಲ್ಲಿ ಮ್ಯಾಟಿನ ಮೂಲೆಯಿಂದ ಓಡಲು ಹೊರಟಿದ್ದ ದುರ್ಗಾ ಅಲ್ಲೇ ನಿಂತಳು.

"ಎಲ್ಲಾ ಹುಡುಗ್ಯರಿಗೂ ಕೊಳಲಿನ ಕ್ಯಾಸೆಟ್ಟೇ. ನಿಂಗೂ ಅದೇ."

"ಕೊಳಲಿಗೆ ನನ್ ಕಾಲು ಏಳೂದಿಲ್ಲ ಸರ್."

"ಕಾಲು ಏಳೂದಿಲ್ಲ ಅಂದ್ರೆ ಮೈ ಇಳಿಸು."

ದುರ್ಗಾಳ ಕಿವಿ ಕಾದವು. ಮರಳಲ್ಲಿ ಓಡಿ ಗಟ್ಟಿಯಾದ ತೊಡೆ ಅವಳದು. ಬೇರೆ ಹುಡುಗಿಯರು ತೇಲುವಲ್ಲಿ ಅವಳು ಗುದ್ದಿ ಹಾರುತ್ತಿದ್ದಳು. ಹೋದ ವರ್ಷದ ಆಯ್ಕೆಯಲ್ಲಿ ಇದೇ ಕೊಳಲು ಅವಳ ಕೊರಳು ಕೊಯ್ದಿತ್ತು. ಲಾಗಗಳೆಲ್ಲ ಬೇಗ ಮುಗಿದು, ಕೊಳಲು ಮುಗಿಯುವವರೆಗೆ ಒಣಗಲು ಹಾಕಿದ ಬಟ್ಟೆಯ ಹಾಗೆ ಕೈ ಬೀಸುತ್ತ ನಿಂತಿದ್ದಳು. ಜಿಲ್ಲಾ ತಂಡಕ್ಕೆ ಅವಳು ಬೇಡವಾಗಿದ್ದಳು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ, ಮತ್ತೆ ಅವಕಾಶವಿಲ್ಲ.

ಸರ್ ಬಂದ್ ಮಾಡಿದ್ದು ಅರ್ಗಾದ ನೇವಿ ಕಾಲನಿಯ ಗೆಳತಿ ಕೊಟ್ಟ ರಾಕ್ ಸಂಗೀತ. ಗಿಟಾರು ಕಿರುಚಿದರೆ ಕಾಲು ತಾನಾಗಿ ಕುಣಿಯುತ್ತಿತ್ತು. ಆದರೆ ನಡುವೆ ಹಾಡಿತ್ತು. ಮಾತು ಕೇಳಿಸಿದರೆ ಅಂಕ ಕಳೆಯುತ್ತಾರೆ. ಹಾಡು ಕತ್ತರಿಸಲು ಅಣ್ಣ ರೂಪೇಶನಿಗೆ ಕೊಟ್ಟಳು. ಅವನು ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುವವನು. ಉಮಾಮಹೇಶ್ವರ ಸರ್ ಸೀನುವುದನ್ನೂ ಸೀನಿ ತೋರಿಸುತ್ತಿದ್ದ.

"ನಡುವೆ ಖಾಲಿ ಬಿಡಬೇಡ, ಅಣ್ಣಾ."

"ಖಾಲಿ ಎಂತಕ್ಕೆ ಬಿಡ್ತೆ? ಮನೆಲಿ ಒಂದ್ಸಲ ಕೇಳ್ಕಾ, ಆತಾ?"

ಕೇಳಲು ಕರೆಂಟು ಎಲ್ಲಿ? ಪಕ್ಕದಲ್ಲೇ ಕೈಗಾ ವಿದ್ಯುತ್ ಸ್ಥಾವರ, ಮನೆಯಲ್ಲಿ ಚಿಮಣಿ ದೀಪ. ಕೇಳದೆಯೇ, ಈ ವರ್ಷದ ಆಯ್ಕೆಗೆಂದು ಅಂಕೋಲೆಯ ಬಸ್ಸು ಹತ್ತಿದಳು. ಸರ್ ಕಣ್ಣು ತಪ್ಪಿಸಿ ಆಯ್ಕೆಯ ಮೇಜಿಗೆ ತನ್ನ ಕ್ಯಾಸೆಟ್ಟನ್ನೇ ಕೊಟ್ಟಳು.

ಗಿಟಾರು ಸಿಡಿಯಿತು. ದುರ್ಗಾ ಓಡಿದಳು, ಹಾರಿದಳು, ಮ್ಯಾಟು ಧಡ್ ಎಂದಿತು. ನಡುವೆ ಗಿಟಾರು ತಟಕ್ಕನೆ ನಿಂತು, ಧ್ವನಿವರ್ಧಕದಿಂದ ರೂಪೇಶನ ಗಂಟಲು ಎದ್ದಿತು: "ಹೋ... ಐಸಾ!"

ಮೀನಿನ ರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ಕೂಗು. ಅದು ಕಿವಿಗೆ ಬಿದ್ದರೆ ಅವರ ಕೇರಿಯಲ್ಲಿ ಉಣ್ಣುತ್ತಿದ್ದವನೂ ಎದ್ದು ಹೋಗಿ ಹಗ್ಗ ಹಿಡಿಯಬೇಕು. ದುರ್ಗಾಳ ಹಿಮ್ಮಡಿ ತಾನಾಗಿ ಊರಿತು, ಮೈ ಹಿಂದಕ್ಕೆ ವಾಲಿತು, ಎರಡು ಕೈ ಇಲ್ಲದ ಹಗ್ಗವನ್ನು ಎದೆಗೆ ಎಳೆದವು. ಎಳೆದ ಮೇಲೆ ಗೊತ್ತಾಯಿತು, ನಿಂತದ್ದು ಮರಳಲ್ಲಲ್ಲ, ಮ್ಯಾಟಿನ ಮೇಲೆ. ಮೀನು ಮಾರಿ ಬಂದು ಗೋಡೆಗೊರಗಿ ಕೂತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಮೇಜಿನವರು ಟೇಪು ನಿಲ್ಲಿಸಿದರು.

"ನಿನ್ನ ನಾಲಿಗೆಗೆ ಗಾಳ ಹಾಕ್ತೆ ಕಾಣು!" ನೋಡಲು ಬಂದು ಬಾಗಿಲಲ್ಲಿದ್ದ ಅಣ್ಣನತ್ತ ಅವಳು ಮುಷ್ಟಿ ಎತ್ತಿದಳು. ಅವನ ಮುಖದಲ್ಲಿ ರಕ್ತವಿರಲಿಲ್ಲ. "ತಮಾಷೆಗೆ ಹಾಕಿದ್ದು, ನೀ ಮನೆಲೇ ಕೇಳಿ ಬಯ್ತೆ ಅಂದ್ಕಂಡಿದ್ದೆನೇ..."

ಸರ್ ಆಗಲೇ ಮೇಜಿನ ಬಳಿ ಹೋಗಿ ಬೇಡಿಕೊಂಡಿದ್ದರು. ಕೊಳಲಿನ ಕ್ಯಾಸೆಟ್ಟು ಹಿಡಿದು ಬಂದರು. "ಮತ್ತೊಮ್ಮೆ ಬಿಡ್ತಾರಂತೆ. ಮರ್ಯಾದೆಯಿಂದ ಇದಕ್ಕೆ ಮಾಡು. ಇದೇ ಕಡೆ ಸಲ."

ದುರ್ಗಾಳ ಉಸಿರು ಮೂಗಿನಲ್ಲಿ ಬುಸುಗುಡುತ್ತಿತ್ತು.

"ಅದ್ನೇ ಹಾಕಿ."

"ಏನು?"

"ಗಿಟಾರೇ ಹಾಕಿ ಸರ್. ಪೂರಾ."

ಸಿಟ್ಟು ತೊಡೆಗಿಳಿದಿತ್ತು, ಈ ಸಲ ಮ್ಯಾಟು ಎರಡು ಪಟ್ಟು ಗುಡುಗಿತು. ಗಿಟಾರು ನಿಂತಿತು. ಹಿಮ್ಮಡಿ ಊರಿದಳು, ಕೂರುವವಳಂತೆ ಹಿಂದಕ್ಕೆ ವಾಲಿದಳು, ವಾಲಿದವಳು ಹಾಗೇ ಕೈಯೂರಿ ಹಿಮ್ಮುಖ ಲಾಗ ಹೊಡೆದಳು, ಮತ್ತೊಂದು, ಮತ್ತೊಂದು. ಗೋಡೆಯ ಬುಡದ ಹೆಂಗಸರೆಲ್ಲ ಒಟ್ಟಿಗೆ ಒದರಿದರು: "ಐಸಾ!"

ಕೊನೆಯ ಭಂಗಿಯಲ್ಲಿ ಕೈ ಮೇಲೆತ್ತಿ ಸ್ಥಿರವಾಗಿ ನಿಲ್ಲಬೇಕಿತ್ತು. ಆಗಲಿಲ್ಲ. ಹೊಟ್ಟೆಯಿಂದೆದ್ದ ನಗೆಗೆ ಭುಜ ಕುಲುಕಿತು. ಸಭಾಂಗಣವೆಲ್ಲ ನಗುತ್ತಿತ್ತು, ಎಲ್ಲರಿಗಿಂತ ಜೋರಾಗಿ ಅವಳೇ. ಮೇಜಿನಾಚೆ ಒಬ್ಬರು ಅಂಕ ಬರೆಯುವ ಪೆನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಳ್ಳುತ್ತಿದ್ದರು.